ತರಗತಿಗೆ ತಂತ್ರಜ್ಞಾನ: ಭಾವಿ ಶಿಕ್ಷಕರು ಕಲಿಯುವ ಕಸುಬು

ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳಿಗೆ ಶಿಕ್ಷಕರಾಗಬೇಕೆಂದರೆ ಕರ್ನಾಟಕದಲ್ಲಿ ಮುಖ್ಯ ದಾರಿ ಡಿ.ಎಲ್.ಇಡಿ. ಹಿಂದೆ ಟಿ.ಸಿ.ಎಚ್. ಎಂದೂ ಆಮೇಲೆ ಡಿ.ಇಡಿ. ಎಂದೂ ಕರೆಸಿಕೊಂಡಿದ್ದ ಈ ಕೋರ್ಸು ಪಿಯುಸಿ ಮುಗಿಸಿದವರಿಗೆ ಎರಡು ವರ್ಷದ ಓದು. ಪ್ರಾಥಮಿಕ ಹಂತದ ಶಿಕ್ಷಕ ಹುದ್ದೆಗೆ ಬಿ.ಇಡಿ. ಅರ್ಹತೆಯಾಗದು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಮೇಲೆ ಇದರ ತೂಕ ಇನ್ನಷ್ಟು ಹೆಚ್ಚಿದೆ. ಮಕ್ಕಳ ಮನೋವಿಜ್ಞಾನ, ಭಾಷೆ, ಗಣಿತ, ಪರಿಸರ ಅಧ್ಯಯನದ ಬೋಧನಾ ವಿಧಾನಗಳ ಜೊತೆಗೆ ಮಾಹಿತಿ ತಂತ್ರಜ್ಞಾನದ ಬಳಕೆಯೂ ಈಗ ಈ ತರಬೇತಿಯ ಭಾಗ.

ಇಲ್ಲಿಗೆ ಬರುವ ಪ್ರಶಿಕ್ಷಣಾರ್ಥಿಗೆ ಸ್ಮಾರ್ಟ್‌ಫೋನ್ ಹೊಸದಲ್ಲ. ವಿಡಿಯೊ ನೋಡುವುದು, ಸಂದೇಶ ಕಳಿಸುವುದು, ಹಣ ಪಾವತಿಸುವುದು ಎಲ್ಲವೂ ಮೊದಲೇ ಗೊತ್ತಿರುತ್ತದೆ. ಆದರೆ ಸ್ವಂತಕ್ಕೆ ಫೋನ್ ಬಳಸುವುದು ಬೇರೆ, ಮೂವತ್ತು ಮಕ್ಕಳ ಮುಂದೆ ಅದನ್ನು ಪಾಠಕ್ಕೆ ಒಗ್ಗಿಸುವುದು ಬೇರೆ. ಯಾವ ಪಾಠಕ್ಕೆ ಪರದೆ ಬೇಕು, ಎಷ್ಟು ಹೊತ್ತು ಬೇಕು, ಯಾವಾಗ ಅದನ್ನು ಆರಿಸಿ ಮಕ್ಕಳ ಕೈಗೆ ಕಡ್ಡಿ, ಕಲ್ಲು, ಕಾಗದ ಕೊಡಬೇಕು ಎಂಬ ವಿವೇಚನೆ ಕಲಿತೇ ಬರಬೇಕು. ತಂತ್ರಜ್ಞಾನ ತರಬೇತಿಯ ತಿರುಳು ಇರುವುದು ಅಲ್ಲೇ.

ಯಂತ್ರ ಮೊದಲು ಬಂತು

ಹೊಸ ಯಂತ್ರ ಬಂದಾಗಲೆಲ್ಲ ಶಾಲೆ ಬದಲಾಗಿಯೇ ಬಿಡುತ್ತದೆ ಎಂಬ ನಿರೀಕ್ಷೆ ಹಳೆಯದು. ಶಾಲೆಗಳಲ್ಲಿ ಪುಸ್ತಕಗಳ ಕಾಲ ಬೇಗನೆ ಮುಗಿದು ಚಲನಚಿತ್ರಗಳು ಆ ಜಾಗಕ್ಕೆ ಬರುತ್ತವೆ ಎಂದು ಅಮೆರಿಕದ ಥಾಮಸ್ ಎಡಿಸನ್ 1913ರಲ್ಲೇ ಭವಿಷ್ಯ ನುಡಿದಿದ್ದ. ಪುಸ್ತಕ ಇಂದಿಗೂ ಉಳಿದಿದೆ.

ಕರ್ನಾಟಕದ ಹಳ್ಳಿಶಾಲೆಗಳಿಗೆ ಪರದೆ ಬಂದದ್ದು ಉಪಗ್ರಹದ ಮೂಲಕ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ನಾಸಾದ ಎಟಿಎಸ್–6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿತು. ನಮ್ಮಲ್ಲಿ ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಕಾರ್ಯಕ್ರಮಗಳಿದ್ದವು. ವರ್ಷ ಮುಗಿಯುತ್ತಲೇ ಉಪಗ್ರಹವನ್ನು ಬೇರೆಡೆಗೆ ಸರಿಸಲಾಯಿತು, ಪ್ರಯೋಗವೂ ಮುಗಿಯಿತು. 2001ರಲ್ಲಿ ಶುರುವಾದ ‘ಮಾಹಿತಿ ಸಿಂಧು’ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಹಾರಿಸಿದ ಎಡುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಬಂದವು. ಆಕಾಶವಾಣಿಯಲ್ಲಿ ‘ಕೇಳಿ–ಕಲಿ’ಯಂಥ ಕಾರ್ಯಕ್ರಮಗಳು ಪಾಠವನ್ನು ಕಥೆ, ಹಾಡು, ಸಂಭಾಷಣೆಯ ರೂಪದಲ್ಲಿ ಕೊಟ್ಟವು.

ಈ ಪ್ರಯತ್ನಗಳಲ್ಲಿ ಹೆಚ್ಚಿನವುಗಳ ದಿಕ್ಕು ಒಂದೇ: ಪಾಠ ಹೊರಗಿನಿಂದ ತಯಾರಾಗಿ ಬರುವುದು, ಶಿಕ್ಷಕರು ಗುಂಡಿ ಒತ್ತುವುದು. ಯಂತ್ರವಿಟ್ಟ ಪೆಟ್ಟಿಗೆಯ ಕೀಲಿ ಮುಖ್ಯ ಶಿಕ್ಷಕರ ಬಳಿ, ರಿಪೇರಿ ಮಾಡುವವರು ತಾಲ್ಲೂಕು ಕೇಂದ್ರದಲ್ಲಿ. ಪಾಠ ಹೇಳುವವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 2010ರ ನಂತರ ಈ ದಿಕ್ಕು ನಿಧಾನವಾಗಿ ಬದಲಾಯಿತು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ಡಿಎಸ್‌ಇಆರ್‌ಟಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಂದಿಗೆ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ಯನ್ನು ನಡೆಸಿತು. ಪ್ರೌಢಶಾಲಾ ಶಿಕ್ಷಕರು ತಾವೇ ಸಾಮಗ್ರಿ ತಯಾರಿಸಿ, ತಿದ್ದಿ, ಪರಸ್ಪರ ಹಂಚಿಕೊಳ್ಳುವ ಪದ್ಧತಿಗೆ ಅದು ದಾರಿ ಮಾಡಿತು. ಆಮೇಲೆ ಬಂದ ‘ಟಾಲ್ಪ್’, ಅಂದರೆ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಶಿಕ್ಷಕರ ತರಬೇತಿಯ ನೆಲೆಗಳಾದವು.

ವಿಷಯ, ವಿಧಾನ, ಸಾಧನ

ಶಿಕ್ಷಕರಿಗೆ ತಂತ್ರಜ್ಞಾನದ ವಿಷಯದಲ್ಲಿ ಗೊತ್ತಿರಬೇಕಾದದ್ದು ಏನು ಎಂಬುದಕ್ಕೆ ಶಿಕ್ಷಣಶಾಸ್ತ್ರದಲ್ಲಿ ಒಂದು ಉತ್ತರವಿದೆ. ವಿಷಯ ಗೊತ್ತಿರುವುದು, ಬೋಧನಾ ವಿಧಾನ ಗೊತ್ತಿರುವುದು ಇವೆರಡೂ ಬಿಡಿಬಿಡಿಯಾಗಿದ್ದರೆ ಸಾಲದು, ಈ ವಿಷಯವನ್ನು ಈ ಮಕ್ಕಳಿಗೆ ಹೇಗೆ ಹೇಳಬೇಕು ಎಂಬ ಮೂರನೆಯ ತಿಳಿವಳಿಕೆ ಬೇಕು ಎಂದು ಅಮೆರಿಕದ ಲೀ ಶುಲ್ಮನ್ 1986ರಲ್ಲಿ ಹೇಳಿದರು. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಅದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ಈ ಚೌಕಟ್ಟು ‘ಟಿಪ್ಯಾಕ್’ ಎಂಬ ಹೆಸರಿನಿಂದ ಶಿಕ್ಷಕರ ತರಬೇತಿಯಲ್ಲಿ ಪ್ರಚಲಿತವಾಗಿದೆ.

ನಾಲ್ಕನೇ ತರಗತಿಯ ಭಿನ್ನರಾಶಿ ಪಾಠವನ್ನೇ ತೆಗೆದುಕೊಳ್ಳಬಹುದು. 1/3 ದೊಡ್ಡದೋ 1/4 ದೊಡ್ಡದೋ ಎಂದು ಕೇಳಿದರೆ ಬಹಳಷ್ಟು ಮಕ್ಕಳು 1/4 ಎನ್ನುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ? ಉತ್ತರ ಗೊತ್ತಿರುವುದು ವಿಷಯಜ್ಞಾನ. ಮಗು ಯಾಕೆ ಹೀಗೆ ಹೇಳುತ್ತದೆ ಎಂದು ತಿಳಿದು, ಒಂದೇ ಅಳತೆಯ ಎರಡು ಕಾಗದ ಕೊಟ್ಟು ಒಂದನ್ನು ಮೂರು ಸಮಭಾಗವಾಗಿ, ಇನ್ನೊಂದನ್ನು ನಾಲ್ಕು ಸಮಭಾಗವಾಗಿ ಮಡಿಸಿ ಹೋಲಿಸಲು ಹೇಳುವುದು ಬೋಧನೆಯ ತಿಳಿವಳಿಕೆ. ತಂತ್ರಜ್ಞಾನದ ಸರದಿ ಆಮೇಲೆ. ಕಾಗದವನ್ನು ಏಳು, ಒಂಬತ್ತು, ಹನ್ನೊಂದು ಸಮಭಾಗ ಮಾಡಿ ಮಡಿಸುವುದು ಕಷ್ಟ. ಪರದೆಯ ಮೇಲೆ ಅದು ಕ್ಷಣದ ಕೆಲಸ. ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ಭಿನ್ನರಾಶಿ ಚಟುವಟಿಕೆಯಲ್ಲಿ ಭಾಗಗಳ ಸಂಖ್ಯೆ ಹೆಚ್ಚಿಸುತ್ತ ಹೋದಂತೆ ಪ್ರತಿ ಭಾಗ ಚಿಕ್ಕದಾಗುವುದು ಕಣ್ಣಿಗೆ ಕಾಣುತ್ತದೆ. ಫೆಟ್‌ನ ಹಲವು ಚಟುವಟಿಕೆಗಳು ಕನ್ನಡದಲ್ಲೂ ಇವೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಕಾಗದ ಮಡಿಸಿ ನೋಡಿದ ಮಗುವಿಗೆ ಈ ಚಿತ್ರ ತಾನು ಕೈಯಾರೆ ಮಾಡಿದ್ದರ ಮುಂದುವರಿಕೆ. ಮಡಿಸದೆ ನೇರವಾಗಿ ಇದನ್ನೇ ಕಂಡ ಮಗುವಿಗೆ ಅದು ಬಣ್ಣದ ಆಟವಾಗಿ ಉಳಿದುಬಿಡಬಹುದು.

ಕನ್ನಡ ಟೈಪಿಂಗ್‌ನಿಂದ ಆರಂಭ

ಕೌಶಲಗಳ ಪಟ್ಟಿಯಲ್ಲಿ ಮೊದಲನೆಯದು ಕನ್ನಡದಲ್ಲಿ ಬರೆಯುವುದು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸುವ ರೂಢಿ ಸಂದೇಶ ಕಳಿಸಲು ಸಾಕಾಗಬಹುದು; ಒಂದನೇ ತರಗತಿಗೆ ಓದುವ ಕಾರ್ಡು, ಪದಪಟ್ಟಿ, ಪ್ರಶ್ನೆಪತ್ರಿಕೆ ತಯಾರಿಸಲು ಸಾಲದು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಸರ್ಕಾರಿ ಕಚೇರಿ, ಶಾಲೆಗಳಲ್ಲಿ ಬಳಕೆಯಲ್ಲಿದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದರ ಕೀಲಿಮಣೆಯಲ್ಲಿ ಉಚ್ಚಾರಣೆಯ ಜಾಡು ಹಿಡಿದು ಅಕ್ಷರ ಮೂಡಿಸಬಹುದು. ಫೋನಿನಲ್ಲಾದರೆ ಕನ್ನಡ ಕೀಲಿಮಣೆಯಲ್ಲಿ ಟೈಪಿಸಬಹುದು, ಇಲ್ಲವೆ ಮಾತನ್ನೇ ಬರಹವಾಗಿಸಬಹುದು.

ಇಲ್ಲೊಂದು ತೊಡಕನ್ನು ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಅರ್ಥ ಮಾಡಿಕೊಳ್ಳಬೇಕು. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತ ಸಂಖ್ಯೆಗಳನ್ನೇ ಎರವಲು ಪಡೆದು ಅವುಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದವು. ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿವೆ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ಯೂನಿಕೋಡ್‌ನಲ್ಲಿ ಬರೆದದ್ದು ಯಾವ ಫೋನಿನಲ್ಲೂ ತೆರೆಯುತ್ತದೆ, ಹುಡುಕಿದರೆ ಸಿಗುತ್ತದೆ, ತಂತ್ರಾಂಶದ ಮೂಲಕ ಗಟ್ಟಿಯಾಗಿ ಓದಿಸಲೂ ಬರುತ್ತದೆ. ದೃಷ್ಟಿದೋಷವಿರುವ ಮಗುವಿಗೆ ಈ ಕೊನೆಯ ಅನುಕೂಲ ದೊಡ್ಡದು. ಆದ್ದರಿಂದ ಪಾಠದ ಸಾಮಗ್ರಿಯನ್ನು ಯೂನಿಕೋಡ್‌ನಲ್ಲೇ ಸಿದ್ಧಪಡಿಸುವುದು ಮೊದಲ ದಿನದಿಂದಲೇ ರೂಢಿಯಾಗಬೇಕು.

ಉಳಿದ ಕೌಶಲಗಳು ಸಣ್ಣವಾದರೂ ದಿನಬಳಕೆಯವು: ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸುವುದು, ಚಿತ್ರ ಕತ್ತರಿಸುವುದು, ದನಿ ಮುದ್ರಿಸುವುದು, ಉದ್ದದ ವಿಡಿಯೊದಿಂದ ಬೇಕಾದ ಎರಡು ನಿಮಿಷ ಬೇರ್ಪಡಿಸುವುದು, ಕಡತಗಳಿಗೆ ತರಗತಿ ಮತ್ತು ಪಾಠದ ಹೆಸರಿಟ್ಟು ಜೋಡಿಸುವುದು. ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ ಶಿಕ್ಷಕರ ತಂತ್ರಜ್ಞಾನ ಸಾಮರ್ಥ್ಯಗಳ ಚೌಕಟ್ಟಿನಲ್ಲಿ 18 ಸಾಮರ್ಥ್ಯಗಳಿವೆ. ಸಾಧನ ಬಳಸಲು ಬರುವುದು ಅವುಗಳಲ್ಲಿ ಒಂದು ಭಾಗ ಮಾತ್ರ. ಪಠ್ಯಕ್ರಮ, ಮೌಲ್ಯಮಾಪನ, ತರಗತಿಯ ವ್ಯವಸ್ಥೆ, ಶಿಕ್ಷಕರ ಸ್ವಂತ ಬೆಳವಣಿಗೆ ಎಲ್ಲದರಲ್ಲೂ ತಂತ್ರಜ್ಞಾನದ ಪಾತ್ರವೇನು ಎಂಬುದನ್ನು ಅದು ಕೇಳುತ್ತದೆ.

ಸಾಮಗ್ರಿಯ ಹುಡುಕಾಟ, ಆಯ್ಕೆ

ಪಠ್ಯಪುಸ್ತಕದ ಪುಟಗಳಲ್ಲಿ ಕಾಣುವ ಚೌಕಾಕಾರದ ಕ್ಯೂಆರ್ ಕೋಡ್ ಓದುಗರಿಗೆ ಪರಿಚಿತ. ಅದು 2017ರ ಸೆಪ್ಟೆಂಬರ್ 5ರಂದು ಶುರುವಾದ ‘ದೀಕ್ಷಾ’ ವೇದಿಕೆಯ ಬಾಗಿಲು. ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಷನ್ ರೂಪಿಸಿದ ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶದ ಮೇಲೆ ಅದು ನಿಂತಿದೆ. ಕೋಡನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಅಭ್ಯಾಸ, ಪ್ರಶ್ನೆಗಳು ತೆರೆಯುತ್ತವೆ. ಕ್ಯಾಮೆರಾ ಕೆಲಸ ಮಾಡದಿದ್ದರೆ ಕೋಡಿನ ಕೆಳಗಿರುವ ಆರು ಅಕ್ಷರ–ಅಂಕಿಗಳನ್ನು ಟೈಪಿಸಿದರೂ ಸಾಕು. ನೆಟ್‌ವರ್ಕ್ ಇರುವ ಕಡೆ ಇಳಿಸಿಟ್ಟುಕೊಂಡು ಇಲ್ಲದ ಕಡೆ ತೋರಿಸಲು ಬರುತ್ತದೆ.

ಕಥೆ ಓದಿಸಲು ಬೇರೆ ಆಕರವಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಕನ್ನಡದ ಸಚಿತ್ರ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಣೆಯಾಗಿವೆ. ಮುಕ್ತ ಪರವಾನಗಿಯಲ್ಲಿರುವುದರಿಂದ ಅವನ್ನು ಮುದ್ರಿಸಬಹುದು, ಅನುವಾದಿಸಬಹುದು, ಬದಲಿಸಲೂಬಹುದು. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು ಮಾತಾಡುವ ಮಕ್ಕಳಿರುವ ತರಗತಿಯಲ್ಲಿ ಕನ್ನಡ ಕಥೆಯ ಚಿತ್ರಗಳನ್ನಿಟ್ಟುಕೊಂಡು ಮಕ್ಕಳ ಮನೆಮಾತಿನ ಪದಗಳನ್ನು ಪಕ್ಕದಲ್ಲಿ ಬರೆಸುವುದು ಪ್ರಶಿಕ್ಷಣಾರ್ಥಿಗೂ ಒಳ್ಳೆಯ ಅಭ್ಯಾಸ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವನ್ನು ಕಟ್ಟಿರುವವರಲ್ಲಿ ರಾಜ್ಯದ ಶಿಕ್ಷಕರೂ ಇದ್ದಾರೆ.

ಸಾಮಗ್ರಿ ಹೇರಳವಾಗಿರುವಾಗ ಆಯ್ಕೆಯೇ ಕಷ್ಟದ ಕೆಲಸ. ತರಬೇತಿಯಲ್ಲಿ ಒಂದೇ ಪಾಠದ ಮೂರು ವಿಡಿಯೊಗಳನ್ನು ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸುವ ಅಭ್ಯಾಸ ಇದಕ್ಕೆ ನೆರವಾಗುತ್ತದೆ. ಮಾಹಿತಿ ಸರಿಯಿದೆಯೇ? ಕನ್ನಡ ಮಕ್ಕಳ ಕಿವಿಗೆ ಹಿಡಿಸುವಂಥದೇ, ಇಂಗ್ಲಿಷಿನಿಂದ ಎಳೆದು ತಂದದ್ದೇ? ಚಿತ್ರದ ಮನೆ, ಮರ, ಊಟ ಮಕ್ಕಳು ಕಂಡದ್ದೇ? ಅಪ್ಪ ಯಾವಾಗಲೂ ಕಚೇರಿಗೆ, ಅಮ್ಮ ಯಾವಾಗಲೂ ಅಡುಗೆಮನೆಗೆ ಎಂಬಂತೆ ತೋರಿಸಿದೆಯೇ? ಮಗು ನಡುವೆ ಏನಾದರೂ ಮಾಡಬೇಕಾದ ಜಾಗವಿದೆಯೇ, ಸುಮ್ಮನೆ ನೋಡುತ್ತಲೇ ಇರಬೇಕೇ? ಈ ಪ್ರಶ್ನೆಗಳಿಗೆ ಉತ್ತರ ಬರೆದ ಮೇಲೆ ಮೂರರಲ್ಲಿ ಒಂದೂ ಬೇಡ, ಅಂಗಳದ ಬೇವಿನ ಮರವೇ ಸಾಕು ಎಂಬ ತೀರ್ಮಾನಕ್ಕೆ ಬಂದರೂ ಅಭ್ಯಾಸ ಸಫಲವೇ.

ಪಾಠಯೋಜನೆಯಲ್ಲಿ ಪರದೆ

ಕರ್ನಾಟಕದ ಶಿಕ್ಷಕರು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಭಾಗವಾಗಿ ಬಳಸುವ ಪಾಠಯೋಜನೆಗೆ ಐದು ಹಂತಗಳಿವೆ: ತೊಡಗಿಸುವುದು, ಪರಿಶೋಧಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ. ತಂತ್ರಜ್ಞಾನ ಯಾವ ಹಂತಕ್ಕೆ ಬರುತ್ತದೆ ಎಂಬುದರ ಮೇಲೆ ಪಾಠದ ಸ್ವರೂಪವೇ ನಿಂತಿದೆ. ಹೊಸಬರು ಸಾಮಾನ್ಯವಾಗಿ ಅದನ್ನು ವಿವರಿಸುವ ಹಂತಕ್ಕೆ ಇಡುತ್ತಾರೆ. ತಾವು ಹೇಳಬೇಕಾದದ್ದನ್ನು ವಿಡಿಯೊ ಹೇಳುತ್ತದೆ. ಅಲ್ಲಿ ಮಕ್ಕಳ ಪಾಲು ಬಹಳ ಕಡಿಮೆ.

ಅದನ್ನೇ ಪರಿಶೋಧನೆಯ ಹಂತಕ್ಕೆ ತಂದರೆ ಚಿತ್ರ ಬದಲಾಗುತ್ತದೆ. ಪರಿಸರ ಅಧ್ಯಯನದಲ್ಲಿ ಬೀಜ ಮೊಳೆಯುವ ಪಾಠವಿದೆ ಎಂದುಕೊಳ್ಳೋಣ. ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿಟ್ಟು, ದಿನವೂ ಅದೇ ಜಾಗದಿಂದ ಅದೇ ಹೊತ್ತಿಗೆ ಫೋನಿನಲ್ಲಿ ಒಂದು ಫೋಟೊ ತೆಗೆಸಿ, ವಾರದ ಕೊನೆಗೆ ಎಲ್ಲವನ್ನೂ ಸಾಲಾಗಿ ತೋರಿಸಿದರೆ, ಕಣ್ಣೆದುರೇ ಇದ್ದರೂ ಗಮನಕ್ಕೆ ಬಾರದ ಬದಲಾವಣೆ ಕಾಣುತ್ತದೆ. ಬೇರು ಮೊದಲೋ ಎಲೆ ಮೊದಲೋ ಎಂಬ ಪ್ರಶ್ನೆಗೆ ಮಕ್ಕಳೇ ಫೋಟೊ ನೋಡಿ ಉತ್ತರ ಹೇಳುತ್ತಾರೆ. ಅಜ್ಜಿಯ ಸೋಬಾನೆ ಪದ, ಸಂತೆಯಲ್ಲಿ ಕೂಗುವ ದರ, ಊರಿನ ಹಕ್ಕಿಗಳ ಕೂಗು ಮುದ್ರಿಸಿ ತಂದು ತರಗತಿಯಲ್ಲಿ ಕೇಳಿಸಿದರೆ ಫೋನು ಮಾಹಿತಿ ಸಂಗ್ರಹದ ಸಾಧನವಾಗುತ್ತದೆ.

ಪರದೆಯ ಅಗತ್ಯವನ್ನು ನಿರ್ಧರಿಸಲು ತರಬೇತಿಯಲ್ಲಿ ಹೇಳಿಕೊಡಬಹುದಾದ ಸರಳ ಸೂತ್ರವಿದು: ಬಲು ನಿಧಾನವಾದದ್ದು, ಬಲು ವೇಗದ್ದು, ಬಲು ದೂರದ್ದು, ಬಲು ಸಣ್ಣದು, ಅಪಾಯದ್ದು ಪರದೆಯ ಮೇಲೆ ಬರಲಿ, ಕೈಗೆ ಎಟುಕುವುದು ಕೈಗೇ ಸಿಗಲಿ. ರಾಯಚೂರಿನ ಮಗುವಿಗೆ ಸಮುದ್ರ, ಕಾರವಾರದ ಮಗುವಿಗೆ ಹತ್ತಿ ಹೊಲ ಪರದೆಯ ಮೇಲೆ ಬೇಕಾಗಬಹುದು. ಮಣ್ಣು, ಎಲೆ, ಇರುವೆಸಾಲು ಯಾವ ಊರಿನಲ್ಲೂ ಬೇಕಾಗದು.

ತನ್ನ ಪಾಠವನ್ನು ತಾನೇ ನೋಡುವುದು

ಮಕ್ಕಳಿಗೆ ಪಾಠ ಮಾಡಲು ಮಾತ್ರವಲ್ಲ, ಶಿಕ್ಷಕರು ತಾವೇ ಕಲಿಯಲೂ ತಂತ್ರಜ್ಞಾನ ನೆರವಿಗೆ ಬರುತ್ತದೆ. ಇದರ ಬಗ್ಗೆ ಚರ್ಚೆ ಕಡಿಮೆ, ಆದರೆ ಪ್ರಯೋಜನ ಹೆಚ್ಚು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಲ್ಲಿ ರೂಪುಗೊಂಡ ಸೂಕ್ಷ್ಮ ಬೋಧನೆ ನಮ್ಮ ತರಬೇತಿ ಕಾಲೇಜುಗಳಲ್ಲೂ ಹಳೆಯ ಪದ್ಧತಿ. ಕೆಲವೇ ಮಂದಿಯ ಮುಂದೆ ಐದಾರು ನಿಮಿಷ, ಒಂದೇ ಕೌಶಲವನ್ನು ಗುರಿಯಾಗಿಸಿ ಪಾಠ ಮಾಡಬೇಕು. ಹಿಮ್ಮಾಹಿತಿ ಕೇಳಿ ಮತ್ತೆ ಮಾಡಬೇಕು. ಆರಂಭದ ದಿನಗಳಲ್ಲೇ ಅಲ್ಲಿ ವಿಡಿಯೊ ಮುದ್ರಣ ಅದರ ಭಾಗವಾಗಿತ್ತು. ನಮ್ಮಲ್ಲಿ ಕ್ಯಾಮೆರಾ ದುಬಾರಿಯಾಗಿದ್ದರಿಂದ ಸಹಪಾಠಿಗಳು ವೀಕ್ಷಣಾ ಪಟ್ಟಿಯಲ್ಲಿ ಗುರುತು ಹಾಕುವುದರಲ್ಲೇ ತೃಪ್ತಿಪಡಬೇಕಿತ್ತು. ಫೋನು ಆ ಕೊರತೆಯನ್ನು ನೀಗಿಸಿದೆ.

ಮುದ್ರಿಸಿದ ಪಾಠದಲ್ಲಿ ಹುಡುಕಬೇಕಾದದ್ದು ತನ್ನ ದನಿ, ನಿಲುವುಗಳ ಅಂದವನ್ನಲ್ಲ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ಅಳೆದರು. ಸರಾಸರಿ ಸುಮಾರು ಒಂದು ಸೆಕೆಂಡು! ಆಮೇಲೆ ಶಿಕ್ಷಕರೇ ಉತ್ತರ ಹೇಳುತ್ತಿದ್ದರು ಅಥವಾ ಇನ್ನೊಬ್ಬರನ್ನು ಕೇಳುತ್ತಿದ್ದರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಸುಮ್ಮನಿರುವವರೂ ಬಾಯಿಬಿಟ್ಟರು. ಫೋನಿನ ಮುದ್ರಣದಲ್ಲಿ ಈ ಕಾಯುವಿಕೆಯನ್ನು ಪ್ರಶಿಕ್ಷಣಾರ್ಥಿ ತಾನೇ ಎಣಿಸಬಹುದು. ಯಾವ ಬೆಂಚಿನ ಮಕ್ಕಳ ಹೆಸರು ಪದೇಪದೇ ಬಂತು, ಹುಡುಗಿಯರಿಗೆ ಎಷ್ಟು ಪ್ರಶ್ನೆ ಹೋದವು, ಹಲಗೆಗೆ ಮುಖ ಮಾಡಿ ಎಷ್ಟು ಹೊತ್ತು ಮಾತಾಡಿದ್ದಾಯಿತು ಎಂಬುದೂ ಅದರಲ್ಲೇ ಸಿಗುತ್ತದೆ.

ಇಂಟರ್ನ್‌ಶಿಪ್: ಶಾಲೆಯ ವಾಸ್ತವ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಎರಡು ವರ್ಷದ ಡಿ.ಎಲ್.ಇಡಿ.ಯಲ್ಲಿ ಕನಿಷ್ಠ 20 ವಾರ ಶಾಲಾ ಇಂಟರ್ನ್‌ಶಿಪ್‌ಗೆ ಮೀಸಲು. ಕಾಲೇಜಿನ ಲ್ಯಾಬಿನಲ್ಲಿ ಕಲಿತದ್ದು ನಿಜಕ್ಕೂ ಪರೀಕ್ಷೆಗೆ ಒಳಗಾಗುವುದು ಇಲ್ಲಿ. ಹೆಂಚಿನ ಸಂದಿಯಿಂದ ಬಿಸಿಲು ಬೀಳುವ ಕೊಠಡಿಯಲ್ಲಿ ಪ್ರೊಜೆಕ್ಟರಿನ ಚಿತ್ರ ಕಾಣುವುದಿಲ್ಲ. ಮಳೆ ಬಂದರೆ ತಗಡಿನ ಸದ್ದಿನಲ್ಲಿ ಸ್ಪೀಕರಿನ ದನಿ ಕೇಳುವುದಿಲ್ಲ. ಪಾಠದ ನಡುವೆ ಕರೆಂಟ್ ಹೋಗುತ್ತದೆ. ಒಂದು ಫೋನಿನ ಸುತ್ತ ಇಪ್ಪತ್ತು ಮಕ್ಕಳು ಮುಗಿಬಿದ್ದರೆ ಹಿಂದಿನ ಸಾಲಿಗೆ ಕಾಣುವುದು ಮುಂದಿನವರ ತಲೆ ಮಾತ್ರ. ಹೀಗಾಗಿ ಪ್ರತಿ ಪಾಠಯೋಜನೆಗೂ ಯಂತ್ರವಿಲ್ಲದೆ ಅದೇ ಉದ್ದೇಶ ತಲುಪುವ ಇನ್ನೊಂದು ದಾರಿ ಬರೆದಿಟ್ಟುಕೊಳ್ಳುವುದು ಕಡ್ಡಾಯವೆನ್ನಬಹುದಾದ ಶಿಸ್ತು.

ಒಂದರಿಂದ ಮೂರನೇ ತರಗತಿಯ ನಲಿ–ಕಲಿ ಕೊಠಡಿಯಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಈ ಪದ್ಧತಿಯಲ್ಲಿ ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ವೇಗದಲ್ಲಿ ಮುಂದುವರಿಯುತ್ತದೆ. ಶಿಕ್ಷಕರ ನೆರವು ಬೇಕಾದ ಗುಂಪು, ಗೆಳೆಯರ ನೆರವಿನ ಗುಂಪು, ಸ್ವಕಲಿಕೆಯ ಗುಂಪು ಹೀಗೆ ‘ತಟ್ಟೆ’ಗಳೆಂದು ಕರೆಯುವ ಬೇರೆಬೇರೆ ಗುಂಪುಗಳಲ್ಲಿ ಕೆಲಸ ಸಾಗುತ್ತದೆ. ಇಂಥ ಕೊಠಡಿಯಲ್ಲಿ ಎಲ್ಲರಿಗೂ ಒಂದೇ ವಿಡಿಯೊ ಹಾಕಿದರೆ ಪದ್ಧತಿಯ ಬೆನ್ನೆಲುಬೇ ಮುರಿಯುತ್ತದೆ. ಇಲ್ಲಿ ಹೊಂದುವುದು ಒಂದು ಗುಂಪಿಗಷ್ಟೇ ಕೇಳಿಸುವ ಕಥೆಯ ಧ್ವನಿಮುದ್ರಣ, ಮಗು ಓದಿದ್ದನ್ನು ಮುದ್ರಿಸಿ ಅದಕ್ಕೇ ಕೇಳಿಸುವ ಚಟುವಟಿಕೆ ಇತ್ಯಾದಿ. ತಿಂಗಳ ಆರಂಭದ ಓದು ಮತ್ತು ಕೊನೆಯ ಓದನ್ನು ಹೋಲಿಸಿದರೆ ಶಿಕ್ಷಕರಿಗೆ ಮೌಲ್ಯಮಾಪನದ ದಾಖಲೆಯೂ ಆಗುತ್ತದೆ, ಪೋಷಕರ ಸಭೆಯಲ್ಲಿ ತಾಯಿ ತಂದೆಗೆ ಕೇಳಿಸಲೂ ಬರುತ್ತದೆ.

ಬೋಧನೆಯಾಚೆಗಿನ ಕೆಲಸವೂ ಇಲ್ಲಿ ಕಣ್ಣಿಗೆ ಬೀಳುತ್ತದೆ. ಹಾಜರಾತಿ, ಅಂಕ, ವರ್ಗಾವಣೆಯ ವಿವರಗಳು ಸ್ಯಾಟ್ಸ್ ತಂತ್ರಾಂಶಕ್ಕೆ, ಶಾಲೆಯ ಅಂಕಿಅಂಶ ಯುಡೈಸ್ ಎಂಬ ದತ್ತಾಂಶ ವ್ಯವಸ್ಥೆಗೆ ಹೋಗಬೇಕು. ಕಂಪ್ಯೂಟರ್ ಬಲ್ಲ ಕಿರಿಯ ಶಿಕ್ಷಕರ ಹೆಗಲಿಗೇ ಈ ಹೊರೆ ಬೀಳುವುದು ಹೆಚ್ಚು. ಆ ಕೆಲಸವನ್ನು ಚುರುಕಾಗಿ ಮುಗಿಸಿ ಪಾಠಕ್ಕೆ ಸಮಯ ಉಳಿಸಿಕೊಳ್ಳುವುದೂ ತರಬೇತಿಯಲ್ಲಿ ಕಲಿಯಬೇಕಾದದ್ದೇ.

ಫೋನಿಲ್ಲದ ಮನೆ

ತಂತ್ರಜ್ಞಾನ ಯಾರನ್ನು ತಲುಪುವುದಿಲ್ಲ ಎಂಬ ಪಾಠವನ್ನು 2020 ಕಲಿಸಿತು. ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ದೂರದರ್ಶನ ಚಂದನದಲ್ಲಿ ಪ್ರೌಢಶಾಲಾ ಮಕ್ಕಳಿಗೆ ಪಾಠಗಳು ಪ್ರಸಾರವಾದವು. ಆ ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’ ಕಾರ್ಯಕ್ರಮ ಮಕ್ಕಳನ್ನು ಮೂರು ಗುಂಪಾಗಿ ನೋಡಿತು: ಯಾವ ಸಾಧನವೂ ಇಲ್ಲದವರು, ಇಂಟರ್ನೆಟ್ ಇಲ್ಲದ ಸಾದಾ ಮೊಬೈಲ್ ಇರುವವರು, ಸ್ಮಾರ್ಟ್‌ಫೋನ್ ಇರುವವರು. ಶಿಕ್ಷಕರು ಊರೂರಿಗೆ ಹೋಗಿ ದೇವಸ್ಥಾನದ ಜಗಲಿ, ಮರದ ನೆರಳು, ಸಮುದಾಯ ಭವನದಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು.

ಈ ವರ್ಗೀಕರಣ ಇಂದಿನ ಪ್ರಶಿಕ್ಷಣಾರ್ಥಿಗೂ ಉಪಯುಕ್ತ. ಮನೆಗೆಲಸವನ್ನು ಫೋನಿಗೆ ಕಳಿಸುವ ಮೊದಲು ತರಗತಿಯಲ್ಲಿ ಯಾರ ಮನೆಯಲ್ಲಿ ಏನಿದೆ ಎಂಬ ಪಟ್ಟಿ ಕೈಯಲ್ಲಿರಬೇಕು. ಮನೆಯಲ್ಲಿ ಫೋನ್ ಇದೆ ಎಂದಾಕ್ಷಣ ಅದು ಮಗುವಿಗೆ ಸಿಗುತ್ತದೆ ಎಂದಲ್ಲ. ಕೂಲಿಗೆ ಹೋದ ಅಪ್ಪನ ಜೇಬಿನಲ್ಲಿ ಅದು ಸಂಜೆಯವರೆಗೆ ಊರಾಚೆ ಇರುತ್ತದೆ, ಬಂದ ಮೇಲೆ ಅಣ್ಣನ ಪಾಲಾಗುತ್ತದೆ. ಕಡ್ಡಾಯ ಕೆಲಸ ಪುಸ್ತಕದಲ್ಲಿ, ಹೆಚ್ಚುವರಿ ಕೆಲಸ ಮಾತ್ರ ಫೋನಿನಲ್ಲಿ ಎಂಬ ನಿಯಮ ಪಾಲಿಸಿದರೆ ಯಾವ ಮಗುವೂ ಹಿಂದೆ ಬೀಳುವುದಿಲ್ಲ.

ಕಣ್ಣು, ಫೋಟೊ, ಹಕ್ಕು

ಎಳೆಯ ಮಕ್ಕಳಿಗೆ ಪರದೆಯ ಹೊತ್ತಿನ ಮಿತಿ ಇರಬೇಕು. ಕೇಂದ್ರ ಶಿಕ್ಷಣ ಇಲಾಖೆ 2020ರ ಜುಲೈನಲ್ಲಿ ಹೊರಡಿಸಿದ ‘ಪ್ರಜ್ಞಾತ’ ಮಾರ್ಗಸೂಚಿ ಒಂದರಿಂದ ಎಂಟನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಆನ್‌ಲೈನ್ ಅವಧಿಗಿಂತ ಹೆಚ್ಚು ಬೇಡ ಎಂದಿತು. ಅದು ಶಾಲೆ ಮುಚ್ಚಿದ್ದ ಕಾಲದ ಗರಿಷ್ಠ ಮಿತಿ. ಶಾಲೆ ತೆರೆದಿರುವಾಗ, ಶಿಕ್ಷಕರು ಎದುರಿಗಿರುವಾಗ ಅಷ್ಟೂ ಬೇಕಾಗದು. ಎರಡು ಮೂರು ನಿಮಿಷದ ತುಣುಕು, ನಡುವೆ ನಿಲ್ಲಿಸಿ ‘ಮುಂದೆ ಏನಾಗಬಹುದು?’ ಎಂಬ ಪ್ರಶ್ನೆ, ಆಮೇಲೆ ಕೈಕೆಲಸ ಸಾಕು.

ಮಕ್ಕಳ ಫೋಟೊ ವಿಷಯದಲ್ಲಿ ಎಚ್ಚರ ಬೇಕು. ಪಾಠದ ಫೋಟೊವನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವ ಅಭ್ಯಾಸ ಶಾಲೆಗಳಲ್ಲಿ ಸಾಮಾನ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾನೂನು ಹಾಗಿರಲಿ, ತಪ್ಪು ಬರೆದ ಸ್ಲೇಟು ಹಿಡಿದು ನಿಂತ ಮಗುವಿನ ಚಿತ್ರ ಊರಿಡೀ ಸುತ್ತಿದರೆ ಆ ಮಗು ಮತ್ತೆ ಸ್ಲೇಟು ಎತ್ತಲು ಹಿಂಜರಿಯುತ್ತದೆ. ಮುಖ ಕಾಣದಂತೆ ಕೈ, ಕೆಲಸ, ಬರಹ ಮಾತ್ರ ತೆಗೆಯುವುದು ಸುರಕ್ಷಿತ ರೂಢಿ. ಸೂಕ್ಷ್ಮ ಬೋಧನೆಯ ವಿಡಿಯೊಗಳಿಗೂ ಇದೇ ಅನ್ವಯ.

ಇತರರ ಕೃತಿಯ ಬಳಕೆಗೂ ನಿಯಮವಿದೆ. ಪಾಠ ಮಾಡುವ ಸಂದರ್ಭದಲ್ಲಿ ಶಿಕ್ಷಕರು ಕೃತಿಯ ಭಾಗವನ್ನು ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ತರಗತಿಯಲ್ಲಿ ತೋರಿಸುವುದು ಒಂದು, ಅದನ್ನೇ ತನ್ನ ಚಾನೆಲ್‌ನಲ್ಲಿ ಹಾಕಿಕೊಳ್ಳುವುದು ಇನ್ನೊಂದು. ಮುಕ್ತ ಪರವಾನಗಿಯ ಸಾಮಗ್ರಿಯಾದರೂ ರಚಿಸಿದವರ ಹೆಸರು ಹಾಕಬೇಕು.

ಕೃತಕ ಬುದ್ಧಿಮತ್ತೆಯ ಸರದಿ

ಪಾಠಯೋಜನೆ, ಪ್ರಶ್ನೆಪತ್ರಿಕೆ, ಕಥೆಗಳನ್ನು ಕ್ಷಣದಲ್ಲಿ ಬರೆದುಕೊಡುವ ಎಐ ಸಾಧನಗಳು ಈಗ ಫೋನಿನಲ್ಲೇ ಇವೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಷನ್ ಸೇರಿ ರೂಪಿಸಿದ ‘ಶಿಕ್ಷಾ ಕೋಪೈಲಟ್’ ಎಂಬ ಪಾಠಯೋಜನೆಯ ಸಹಾಯಕ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಕ್ಕೆ ಬಂದಿದೆ. ಅನುಭವಿ ಶಿಕ್ಷಕರಿಗೆ ಇದರಿಂದ ಸಮಯ ಉಳಿಯುತ್ತದೆ. ಕಲಿಯುತ್ತಿರುವವರ ಸ್ಥಿತಿ ಬೇರೆ: ಯೋಜನೆ ಬರೆಯುವ ಕಷ್ಟದಲ್ಲೇ ಪಾಠದ ಅರ್ಥ ಬಿಚ್ಚಿಕೊಳ್ಳುವುದರಿಂದ, ಆ ಕಷ್ಟವನ್ನು ಯಂತ್ರಕ್ಕೆ ಒಪ್ಪಿಸಿದರೆ ಉಳಿಯುವುದು ನಕಲು ಮಾತ್ರ, ಬೇರೆಯವರು ನಮ್ಮ ಬದಲು ಈಜಿದರೆ ನಮಗೆ ಈಜು ಬರುವುದಿಲ್ಲ. ಮೊದಲು ತಾನು ಬರೆದು, ಆಮೇಲೆ ಯಂತ್ರದ್ದನ್ನು ಪಕ್ಕದಲ್ಲಿಟ್ಟು ತಿದ್ದುವುದು ಸರಿಯಾದ ಕ್ರಮ. ಇಂಥ ಸಾಧನಗಳ ಕನ್ನಡದಲ್ಲಿ ವಿಭಕ್ತಿ, ಲಿಂಗ, ವಚನದ ತಪ್ಪುಗಳು ನುಸುಳುತ್ತವೆ, ಇಲ್ಲದ ಸಂಗತಿಯನ್ನು ಇದೆಯೆಂದು ಹೇಳುವುದೂ ಉಂಟು. ಅದರ ಬರಹದಲ್ಲಿ ತಪ್ಪು ಹುಡುಕುವುದನ್ನೇ ಭಾಷಾ ಅಭ್ಯಾಸವಾಗಿ ಕಾಲೇಜುಗಳು ಬಳಸಬಹುದು.

ಕೆಲಸಕ್ಕೆ ಸೇರಿದ ಮೇಲೆ

ಎರಡು ವರ್ಷದಲ್ಲಿ ಕಲಿತ ಆ್ಯಪ್‌ಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಹಾಗಾಗಿ ಕಲಿಕೆ ಸೇವೆಯಲ್ಲೂ ಮುಂದುವರಿಯುವಂತೆ ವ್ಯವಸ್ಥೆಯಿದೆ. 2019ರಲ್ಲಿ ಆರಂಭವಾದ ‘ನಿಷ್ಠಾ’ ಶಿಕ್ಷಕರ ತರಬೇತಿ ಮರುವರ್ಷ ದೀಕ್ಷಾ ವೇದಿಕೆಯ ಮೂಲಕ ಆನ್‌ಲೈನ್ ಆಯಿತು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಶಿಕ್ಷಕರು ತಮ್ಮ ಶಾಲೆಯಲ್ಲಿ ಫಲಿಸಿದ್ದನ್ನು ಹಂಚಿಕೊಳ್ಳಬಹುದು. ಪಕ್ಕದ ಊರಿನ ಶಾಲೆಯಲ್ಲಿ ನಡೆದದ್ದು ತಮ್ಮಲ್ಲೂ ನಡೆದೀತು ಎಂಬ ನಂಬಿಕೆ ಆನ್‌ಲೈನ್ ಕೋರ್ಸಿಗಿಂತ ಇಲ್ಲಿ ಬೇಗ ಹುಟ್ಟುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 2030ರ ಹೊತ್ತಿಗೆ ನಾಲ್ಕು ವರ್ಷದ ಸಮಗ್ರ ಬಿ.ಇಡಿ. ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕು. ಕೋರ್ಸಿನ ಅವಧಿ, ಹೆಸರು ಬದಲಾಗಬಹುದು. ತಂತ್ರಜ್ಞಾನದ ಪತ್ರಿಕೆಯೂ ಹಿಗ್ಗಬಹುದು. ಆದರೆ ಅದರ ಪರೀಕ್ಷೆಯನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಮಾತ್ರ ನಡೆಸಿದರೆ ಅಳೆದದ್ದು ಅರ್ಧ. ಪ್ರಶಿಕ್ಷಣಾರ್ಥಿ ಆರಿಸಿದ ಸಾಧನವನ್ನು ಯಾಕೆ ಆರಿಸಿದ್ದು, ಬಿಟ್ಟದ್ದನ್ನು ಯಾಕೆ ಬಿಟ್ಟದ್ದು ಎಂದು ಕೇಳಬೇಕು. ಪಾಠ ಮುಗಿದ ಮೇಲೆ ಮಕ್ಕಳು ಏನನ್ನು ತಾವೇ ಮಾಡಬಲ್ಲರು ಎಂದು ನೋಡಬೇಕು. 1/3 ಮತ್ತು 1/4ರಲ್ಲಿ ದೊಡ್ಡದು ಯಾವುದು, ಯಾಕೆ ಎಂದು ನಾಲ್ಕನೇ ತರಗತಿಯ ಮಗು ಪರದೆಯ ನೆರವಿಲ್ಲದೆ ವಿವರಿಸಬಲ್ಲುದಾದರೆ, ಆ ಪಾಠದಲ್ಲಿ ತಂತ್ರಜ್ಞಾನದ ಬಳಕೆ ಸರಿಯಾಗಿತ್ತು ಎಂದು ಅಂಕ ಕೊಡಬಹುದು.